ಕಾಳಿನ ಸೂಪಿನಲ್ಲಿ ಹಂದಿ ಕೊಬ್ಬು

ತಂಗಿ ಇವಾನಾ,

ನಿನ್ನ ಅತ್ತಿಗೆ ಓರ್ನೆಲ್ಲಾ ಕಡೆಯವರೆಗೂ ನೋಡಬೇಕೆನ್ನುತ್ತಿದ್ದ ಮೊಲಿಸೆ ಸೀಮೆಯ ಬೆಟ್ಟದೂರು ಇದೇ. ಅವಳ ಹಾಗೆಯೇ ಮಾಂಸ ಮುಟ್ಟದೆ ನೋಡಿ ಬರೋಣವೆಂದು ಬಂದರೆ, ಇಲ್ಲಿಯವರಿಗೆ ಹಂದಿ ಕೊಬ್ಬು ಮಾಂಸವೇ ಅಲ್ಲ! ಕಾಳಿನ ಸೂಪಿನಲ್ಲೂ ಅದೇ.

"ಮಾಂಸ ಎಲ್ಲಿದೆ ಯಜಮಾನ್ರೆ? ರುಚಿಗೆ ಒಂಚೂರು ಅಷ್ಟೆ" ಎನ್ನುತ್ತಾಳೆ ನಾನು ಉಳಿದುಕೊಂಡಿರುವ ಮನೆಯ ಒಡತಿ ಫಿಲೋಮೇನಾ. ಕೆನಡಾದಲ್ಲಿ ಇದ್ದು ಬಂದವಳಲ್ಲವೇ ಎಂದು, ಕಾಲೇಜಿನಲ್ಲಿ ಕಲಿತು ಮರೆತ ಇಂಗ್ಲಿಷಿನಲ್ಲಿ "ಐ ಆಮ್ ವೆಜಿಟೇರಿಯನ್" ಎಂದೆ.

"ಅಯ್ಯೋ ಪಾಪ, ಯಾವಾಗಿಂದ? ಡಾಕ್ಟ್ರು ಏನಂದ್ರು?"

ಬರೀ ಬ್ರೆಡ್ಡು ತಿಂದು ಸಾಕಾಗಿ, ನಿನ್ನೆ ಪೆಟ್ಟಿಗೆ ಕಟ್ಟಿಕೊಂಡು, "ಸತ್ತ ಹೆಂಡತಿಗೋಸ್ಕರ ಬಿಟ್ಟಿದೀನಮ್ಮಾ!" ಎಂದು ಕೂಗಿಬಿಟ್ಟೆ.

"ಹರಕೆನಾ? ಮೊದ್ಲೇ ಹೇಳ್ಬಾರ್ದಾ ಮಾರಾಯ್ರೆ!" ಎಂದು ಶಿಲುಬೆಯ ಗುರುತು ಹಾಕಿಕೊಂಡು, ಸೂಪನ್ನು ನಾಯಿಗೆ ಸುರಿದು, ಪಾತ್ರೆ ತಿಕ್ಕಿ, ಬೆಟ್ಟದ ಸೊಪ್ಪು ಹಾಕಿ ಪಾಸ್ತಾ ಮಾಡಿಕೊಟ್ಟಳು. ಹೊಟ್ಟೆ ಈಗ ಸರಿಯಿದೆ, ಮಂಡಿ ನೋವು ಹಾಗೇ ಇದೆ.

ಆದರೆ ಭಾನುವಾರದವರೆಗೆ ಊರಿಗೆ ಬರುವ ಹಾಗಿಲ್ಲ. ಫಿಲೋಮೇನಾ ಹರಕೆಯ ಸುದ್ದಿ ಎಲ್ಲರಿಗೂ ಹೇಳಿಬಿಟ್ಟಿದ್ದಾಳೆ. ಪಾದ್ರಿ ಪೂಜೆಯಲ್ಲಿ ಓರ್ನೆಲ್ಲಾಳ ಹೆಸರು ಓದುತ್ತಾರಂತೆ. ಮಾಂಸದಂಗಡಿಯವನೂ ಮೇಣದ ಬತ್ತಿ ತರುತ್ತಾನಂತೆ. ನಮ್ಮ ಮದುವೆಯ ದಿನ ಬಿಟ್ಟರೆ ಇಗರ್ಜಿಯ ಮೆಟ್ಟಿಲು ಹತ್ತದವಳು ಅವಳು! ನಾನು ಮೊದಲ ಸಾಲಿನಲ್ಲೇ ಕೂರಬೇಕಂತೆ. ಕಾರ್ಡು ತುಂಬಿತು, ಅಂಗಿಗೆ ಇಸ್ತ್ರಿ ಬೇರೆ ಹಾಕಬೇಕು.

ನಿನ್ನಣ್ಣ
ಅರ್ಮಾಂದೊ