ಸೋಮವಾರ ನೋಡಿದ ಮನೆ

ಉಡಿಗಾಲದ ಪಕ್ಕ, ಚಾಮರಾಜನಗರ ತಾಲ್ಲೂಕು
ಗುರುವಾರ, ೬ ನವೆಂಬರ್ ೨೦೨೫, ಹಗಲು ಹನ್ನೊಂದೂವರೆ

ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಐದೂವರೆಯವರೆಗೆ ಈ ಮನೆಯಲ್ಲಿ ವಾಸವಾಗಿರುವ ಯಜಮಾನರಾದ ಶಿವಶಂಕರ ಅವರಿಗೆ,

ನಿಮ್ಮ ಆರೋಗ್ಯ ಹೇಗಿದೆ? ನಿನ್ನೆ ರಾತ್ರಿಯೇ ಕೇಳಬೇಕೆಂದಿದ್ದೆ. ಆದರೆ ನೀವು ಮುದ್ದೆ ಮುರಿದು, ಸಾರಿಗೆ ಅದ್ದಿ, ಕೈ ಬಾಯಿಗೆ ಹೋಗುವ ದಾರಿಯಲ್ಲೇ ನಿದ್ದೆಗೆ ಜಾರಿದಿರಿ. ತುತ್ತನ್ನು ಕೈಯಿಂದ ಬಿಡಿಸಿ, ಬೆರಳು ಒರೆಸಿ, ಚಾಪೆಯವರೆಗೆ ಎಳೆದುಕೊಂಡು ಹೋದವಳು ನಾನೇ. ನೆನಪಿರಲಾರದು, ಪರಿಚಯ ಮಾಡಿಕೊಳ್ಳುತ್ತಿದ್ದೇನೆ. ಮಲಗಿದಾಗ ಎಡಕ್ಕೆ ಹೊರಳುವುದಿಲ್ಲವಾದ್ದರಿಂದ ಸೊಂಟ ನೋವು ಇನ್ನೂ ಇದೆ ಎಂದುಕೊಂಡಿದ್ದೇನೆ. ಕೆಮ್ಮು ಕಡಿಮೆಯಾದಂತಿದೆ. ಗಂಡನ ಕ್ಷೇಮ ಸಮಾಚಾರವನ್ನು ಹೀಗೆ ಪತ್ತೇದಾರಿಕೆಯಿಂದ ತಿಳಿಯುವುದು ನನಗೀಗ ರೂಢಿಯಾಗಿದೆ. ಈ ಕಡೆ ಅತ್ತೆಯವರು ಚೆನ್ನಾಗಿದ್ದಾರೆ, ನುಗ್ಗೆ ಗಿಡ ಚೆನ್ನಾಗಿದೆ. ನಿಮ್ಮ ಮಗಳ ವಿಷಯ ಮುಂದೆ ಬರೆಯುತ್ತೇನೆ, ಅವಸರ ಮಾಡಿ ಕೊನೆಗೆ ಹಾರಬೇಡಿ.

ಒಂದೇ ಸೂರಿನಡಿ ಇರುವ ಗಂಡನಿಗೆ ಕಾಗದ ಬರೆದು ಮರುದಿನದ ಊಟದ ಡಬ್ಬಿಯಲ್ಲಿಟ್ಟು ಕಳಿಸುವ ಹೆಂಗಸು ಈ ತಾಲ್ಲೂಕಿನಲ್ಲಿ ಬೇರೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಸಂಘ ಕಟ್ಟುತ್ತೇವೆ. ಫೋನು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಆದರೆ ಹಗಲಿನಲ್ಲಿ ಮಾಡಿದರೆ ನಾನು ಈ ತುದಿಯಲ್ಲಿ ಕಿರುಚಬೇಕು, ನೀವು ಆ ತುದಿಯಲ್ಲಿ ಪಿಸುಗುಟ್ಟಬೇಕು. ಮೈಸೂರಿನ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷ ‘ಸದ್ದು ಮಾಡಬೇಡಿ’ ಎಂಬ ಬೋರ್ಡಿನ ಕೆಳಗೆ ಕುಳಿತು ಕುಳಿತು ನೀವೇ ಆ ಬೋರ್ಡಿನ ಎರಡನೇ ಪ್ರತಿಯಾಗಿದ್ದೀರಿ. ನನ್ನ ಹತ್ತು ಕರೆಗಳಿಗೆ ಒಂದೇ ಉತ್ತರ: ‘ಆಮೇಲೆ ಮಾಡ್ತೀನಿ.’ ಆ ಆಮೇಲೆ ಎಂಬುದು ಮುದ್ದೆಯ ಮೇಲೆ ನಿದ್ದೆ ಹೋಗುತ್ತದೆ. ಉಳಿದದ್ದು ಸೋಮವಾರ. ಸೋಮವಾರದ ವಿಷಯಕ್ಕೇ ಈ ಕಾಗದ.

ಹಳೆಯ ಕಥೆಯನ್ನು ಸ್ವಲ್ಪ ಕೆದಕುತ್ತೇನೆ. ಹೋದ ವರ್ಷ ಮೈಸೂರಿನ ಬಾಡಿಗೆ ಮನೆಯ ಮೇಲಿನ ಮಹಡಿಗೆ ಜಿಮ್ ಬಂದಾಗ ನೀವು ಒಂದು ಮಹಾ ಸಂಕಲ್ಪ ಮಾಡಿದಿರಿ: ಹಳ್ಳಿಯೂ ಅಲ್ಲದ ಪಟ್ಟಣವೂ ಅಲ್ಲದ ಒಂದು ಸದ್ದಿಲ್ಲದ ಜಾಗದಲ್ಲಿ ಹೆಂಡತಿ, ಮಗಳು, ತಾಯಿಯನ್ನು ಇಡುವುದು, ತಾನು ಮಾತ್ರ ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಬರುವುದು. ಗುಂಡ್ಲುಪೇಟೆಗೆ ಹೋಗೋಣ, ನನ್ನ ತವರು ಇದೆ, ಬಸ್ಸಿಗೇನೂ ಕೊರತೆ ಇಲ್ಲ ಎಂದೆ. ನೀವು ಮೂಗು ಮುರಿದಿರಿ. ‘ಅದು ಲಾರಿ ಊರು ಕಣೇ’ ಎಂದಿರಿ. ಹೌದು, ನಮ್ಮಪ್ಪನ ಮನೆ ಹೆದ್ದಾರಿ ಪಕ್ಕದಲ್ಲೇ ಇದೆ. ಆದರೆ ಆ ಲಾರಿಗಳಿಗೂ ಒಂದು ಮಾನ ಮರ್ಯಾದೆ ಇತ್ತು. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಬಿದ್ದ ಮೇಲೆ ಅವು ತಾವಾಗಿಯೇ ಸುಮ್ಮನಾಗುತ್ತಿದ್ದವು. ಹುಟ್ಟಿದಾಗಿನಿಂದ ಅಲ್ಲಿ ಮಲಗಿ ಎದ್ದವಳು ನಾನು, ನನ್ನ ಎರಡೂ ಕಿವಿಗಳು ಇನ್ನೂ ಇವೆ. ಎರಡನೆಯದರ ಬಗ್ಗೆ ಈಚೆಗೆ ಅನುಮಾನ ಬರುತ್ತಿದೆ, ಅಷ್ಟೆ.

ನೀವು ಹುಡುಕಿದ್ದು ಈ ಮನೆ. ನಿಮ್ಮ ಗ್ರಂಥಾಲಯಕ್ಕೆ ರಜೆ ಸೋಮವಾರ. ಮನೆಯ ಒಡೆಯ ಮರಿಮಲ್ಲಪ್ಪನವರು ಸಕ್ಕರೆ ಸುರಿಸುವ ದನಿಯಲ್ಲಿ, ‘ನಿಮ್ಗೆ ಯಾವತ್ತು ರಜ್ವೋ ಅವತ್ತೇ ಬನ್ನಿ ಬುದ್ಧಿ, ನಂದೇನು’ ಎಂದರು. ಮೂರು ಸೋಮವಾರ ಬಂದಿರಿ. ಮೂರನೇ ಸೋಮವಾರ ನಾನೂ ಬಂದೆ. ನೀವು ಅಂಗಳದ ನಡುವೆ ಕಣ್ಣು ಮುಚ್ಚಿ ನಿಂತು, ಗೋಡೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುವಿ, ‘ನೋಡು, ಹಾಳೆ ತಿರುವಿದ್ದು ಕೇಳ್ತದೆ’ ಎಂದಿರಿ. ಮದುವೆಯ ದಿನ ನನ್ನ ಮುಖ ನೋಡಿದಾಗಲೂ ನಿಮ್ಮ ಮುಖದಲ್ಲಿ ಅಂಥ ಕಳೆ ಬಂದಿರಲಿಲ್ಲ. ಎದುರಿಗೆ ತಗಡಿನ ದೊಡ್ಡ ಶೆಡ್ಡು, ಬಾಗಿಲಿಗೆ ಬೀಗ, ಮುಂದೆ ಎತ್ತಿನ ಗಾತ್ರದ ಕರಿಕಲ್ಲುಗಳು. ಅದೇನು ಎಂದು ನಾನೇ ಕೇಳಿದೆ. ಮರಿಮಲ್ಲಪ್ಪನವರು, ‘ಅದಾ? ಕಲ್ಲು ಮಡಗೋ ಜಾಗ ಕಣವ್ವಾ. ಕಲ್ಲೇನ್ ಮಾತಾಡ್ತದಾ?’ ಎಂದು ನಕ್ಕರು. ನೀವೂ ನಕ್ಕಿರಿ. ನಾನೂ ತಲೆ ಆಡಿಸಿದೆ. ಆ ಪಾಪದಲ್ಲಿ ನನ್ನದೂ ಒಂದು ಪಾಲು ಇದೆ, ಒಪ್ಪಿಕೊಳ್ಳುತ್ತೇನೆ.

ಸಾಮಾನು ಇಳಿಸಿದ್ದು ಸೋಮವಾರ. ಮರುದಿನ ಮಂಗಳವಾರ ನೀವು ರೈಲಿಗೆಂದು ಹೊರಟು ಎರಡೂವರೆ ಗಂಟೆಯಾದ ಮೇಲೆ ಕಲ್ಲು ಮಾತಾಡಿತು. ಶೆಡ್ಡಿನೊಳಗೆ ಕಲ್ಲು ಕೊಯ್ಯುವ ಯಂತ್ರ ಮೂರು, ಪಾಲಿಷ್ ಮಾಡುವುದು ಎರಡು. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಸಂಜೆ ಏಳಕ್ಕೆ ನಿಲ್ಲುತ್ತದೆ. ನಡುವೆ ಊಟಕ್ಕೆ ಮುಕ್ಕಾಲು ಗಂಟೆ ಬಿಡುವು. ಆ ಮುಕ್ಕಾಲು ಗಂಟೆಯಲ್ಲಿ ನಾನು ಒಬ್ಬಳೇ ಕುಳಿತು ನನ್ನ ಸ್ವಂತ ಯೋಚನೆಗಳನ್ನು ಕೇಳಿಸಿಕೊಳ್ಳುತ್ತೇನೆ. ಸದ್ದು ಹೇಗಿರುತ್ತದೆಂದರೆ, ಹಲ್ಲಿನ ಡಾಕ್ಟರು ಊರಿಗೆಲ್ಲ ಒಂದೇ ಬಾಯಿ ಎಂದು ತಿಳಿದು ಕೊರೆಯುತ್ತಿರುವ ಹಾಗೆ. ಅಡುಗೆಮನೆಯ ಕಪಾಟಿನಲ್ಲಿ ಲೋಟಗಳು ತಾವೇ ನಡೆದು ಅಂಚಿಗೆ ಬರುತ್ತವೆ. ಪಕ್ಕದ ಮನೆಯ ಶಿವರುದ್ರಮ್ಮನವರ ಹತ್ತಿರ ಗೋಳು ಹೇಳಿಕೊಂಡಾಗ ಅವರು ಎದೆಯ ಮೇಲೆ ಕೈಯಿಟ್ಟುಕೊಂಡು, ‘ಸೋಮಾರ ಬಂದು ಮನೆ ನೋಡುದ್ರಾ? ಅಯ್ಯೋ ನಮ್ಮವ್ವಾ! ಸೋಮಾರ ನಮ್ಮೂರಲ್ಲಿ ಎತ್ಗೂ ನೊಗ ಹೂಡಕಿಲ್ಲ, ಆ ಮಿಷನ್ಗೂ ಬುಡುವು. ಓಗ್ಲಿ, ಒಂದ್ ಮಂಗಳ್ವಾರನಾರ ಬಂದು ನೋಡ್ಬಾರ್ದಾಗಿತ್ತಾ’ ಎಂದರು. ಸೋಮವಾರ ಒಪ್ಪತ್ತು ಮಾಡುವವರು ನೀವು, ಶಿವನಿಗೆ ಬಿಲ್ವಪತ್ರೆ ಏರಿಸದೆ ಕಾಫಿ ಮುಟ್ಟದವರು. ಆ ಶಿವನ ದಿನ ಊರಿನ ಎತ್ತುಗಳಿಗೂ ರಜೆ ಇರುತ್ತದೆಂದು ನಿಮ್ಮ ಗ್ರಂಥಾಲಯದ ಅಷ್ಟು ಸಾವಿರ ಪುಸ್ತಕಗಳಲ್ಲಿ ಒಂದೂ ಹೇಳಲಿಲ್ಲವೇ?

ಸರಿ, ಮೋಸ ಹೋದೆವು, ಅದು ಯಾರಿಗೂ ಆಗಬಹುದು. ನನ್ನ ಸಿಟ್ಟು ಅದಕ್ಕಲ್ಲ. ಒಂದು ವರ್ಷದಿಂದ ಹೇಳುತ್ತಿದ್ದೇನೆ, ನೀವು ನಂಬುತ್ತಿಲ್ಲವಲ್ಲ, ಅದಕ್ಕೆ. ನೀವು ಹೊರಡುವಾಗ ಊರು ಮಲಗಿರುತ್ತದೆ, ಬರುವಾಗಲೂ ಮಲಗಿರುತ್ತದೆ, ಮನೆಯಲ್ಲಿರುವ ಏಕೈಕ ದಿನ ಶಿವನ ಕೃಪೆಯಿಂದ ಯಂತ್ರವೂ ಮಲಗಿರುತ್ತದೆ. ಹಾಗಾಗಿ ನಿಮ್ಮ ಲೆಕ್ಕದಲ್ಲಿ ಈ ಊರಿನಲ್ಲಿ ಸದ್ದೇ ಇಲ್ಲ. ಸದ್ದು ಇರುವುದು ನನ್ನ ತಲೆಯಲ್ಲಿ. ಒಂದು ದಿನ ಫೋನನ್ನು ಕಿಟಕಿಯ ಹೊರಗೆ ಹಿಡಿದೆ. ನೀವು ಪಿಸುಗುಟ್ಟಿದಿರಿ: ‘ಮೊದ್ಲು ಮಿಕ್ಸಿ ಆಫ್ ಮಾಡೇ.’ ಇನ್ನೊಂದು ದಿನ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದೆ. ರಾತ್ರಿ ಮಗಳು ಏಳುತ್ತಾಳೆಂದು ಫೋನಿನ ದನಿ ಪೂರ್ತಿ ತಗ್ಗಿಸಿ ಕೇಳಿದಿರಿ, ಕೇಳಿ, ‘ಜೇನು ಗುಂಯ್ಗುಟ್ಟಿದ ಹಾಗಿದೆ, ಚೆನ್ನಾಗಿದೆ’ ಎಂದಿರಿ. ಅಂದು ಆ ಜೇನನ್ನು ನಿಮ್ಮ ಕಿವಿಯೊಳಗೇ ಬಿಡಬೇಕೆನ್ನಿಸಿತ್ತು. ಕೊನೆಗೆ ಸಾಕ್ಷಿಗೆಂದು ಅತ್ತೆಯವರನ್ನು ಕರೆದಿರಿ. ಪುಟ್ಟಮಲ್ಲಮ್ಮನವರಿಗೆ ಎಪ್ಪತ್ತೆಂಟು. ಕುಕ್ಕರು ಆರು ಸಲ ಕೂಗಿದ ಮೇಲೆ ‘ಯಾಕಮ್ಮಿ, ಇನ್ನೂ ಒಲೆ ಹಚ್ಚಿಲ್ವಾ’ ಎಂದು ಕೇಳುವ ಪುಣ್ಯಾತ್ಮರು. ನೀವು ಅವರ ಕಿವಿಯ ಹತ್ತಿರ ಬಾಯಿಟ್ಟು, ‘ಅವ್ವಾ, ಹಗಲೊತ್ತು ಸದ್ದು ಇದ್ದದಾ?’ ಎಂದು ಕಿರುಚಿದಿರಿ. ಅವರು ಕೈ ಮುಗಿದು, ‘ಎಲ್ಲೀ ಸದ್ದು ಮಗಾ? ಗೋಪಾಲಸ್ವಾಮಿ ಬೆಟ್ಟದ ಮ್ಯಾಲೆ ಕುಂತಂಗದೆ’ ಎಂದರು. ನೀವು ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಏಳು ಜನ್ಮ ಮರೆಯುವುದಿಲ್ಲ. ಈ ಜನ್ಮ ಎಷ್ಟನೆಯದೋ ತಿಳಿಯದು. ಏಳನೆಯದಾಗಿರಲಿ ಎಂದು ಹರಸಿಕೊಂಡಿದ್ದೇನೆ.

ಈಗ ನಿಮ್ಮ ಮಗಳು ಪ್ರಿಯಾಂಕಳ ವಿಷಯ. ಮೂರು ವಾರದ ಹಿಂದೆ ಶಾಲೆಯಿಂದ ಕರೆ ಬಂತು. ‘ಮಗು ಯಾಕಮ್ಮ ಪ್ರತಿಯೊಂದನ್ನೂ ಕಿರುಚಿ ಹೇಳ್ತದೆ? ಹಿಂದಿನಿಂದ ಕರೆದ್ರೆ ತಿರುಗೋದಿಲ್ಲ, ಒಂದ್ಸಲ ಕಿವಿ ತೋರ್ಸಿ’ ಎಂದರು ಮೇಡಮ್ಮು. ಅವಳನ್ನು ಕರೆದುಕೊಂಡು ಚಾಮರಾಜನಗರಕ್ಕೆ ಹೋದೆ. ಕಿವಿಗೆ ಹೆಡ್‌ಫೋನ್ ಹಾಕಿ ಗಾಜಿನ ಕೋಣೆಯಲ್ಲಿ ಕೂರಿಸಿದರು, ಹೊರಗೆ ನಾನು ನಿಂತಿದ್ದೆ. ಸದ್ದು ಕೇಳಿದಾಗ ಕೈ ಎತ್ತು ಅಂದಿದ್ದರು. ಅವಳ ಕೈ ಮೇಲೇಳುವುದನ್ನು ಕಾಯುತ್ತಾ ನಿಂತ ಆ ಹತ್ತು ನಿಮಿಷ, ರೀ, ನನಗೆ ಯಾವ ತಮಾಷೆಯೂ ಹೊಳೆಯಲಿಲ್ಲ. ಸದ್ಯಕ್ಕೆ ಏನೂ ಆಗಿಲ್ಲವಂತೆ. ಆ ಸದ್ಯಕ್ಕೆ ಎನ್ನುವ ಮಾತನ್ನು ಡಾಕ್ಟರು ಎರಡು ಸಲ ಹೇಳಿದರು. ನಿಮಗೇಕೆ ಹೇಳಲಿಲ್ಲ? ಹೇಳಲು ಸೋಮವಾರ ಬರಬೇಕಿತ್ತು. ಸೋಮವಾರ ಬಂತು, ನಾನು ಬಾಯಿ ತೆರೆದೆ, ನೀವು ಜಗುಲಿಯಲ್ಲಿ ಕುಳಿತು ತುಟಿಯ ಮೇಲೆ ಬೆರಳಿಟ್ಟುಕೊಂಡು ‘ಉಶ್, ಆ ಹಕ್ಕಿ ಕೇಳು’ ಎಂದಿರಿ. ಕೇಳಿದೆ. ಹಕ್ಕಿ ಚೆನ್ನಾಗಿಯೇ ಹಾಡುತ್ತಿತ್ತು. ಅದಕ್ಕೂ ವಾರದ ರಜೆ ಅಂದೇ ಇರಬೇಕು.

ಆ ಸೋಮವಾರವೇ ನೀವು ಇನ್ನೊಂದು ಸಿಹಿ ಸುದ್ದಿ ಕೊಟ್ಟಿರಿ: ಬಾಡಿಗೆ ಸಾಕು, ಈ ಮನೆಯನ್ನು ಕೊಂಡೇಬಿಡುವುದು, ಇಬ್ಬರ ಹೆಸರಿಗೂ. ಬರುವ ಹತ್ತನೇ ತಾರೀಕು, ಕಾರ್ತಿಕ ಸೋಮವಾರ, ಹನ್ನೊಂದು ಗಂಟೆಗೆ ರಿಜಿಸ್ಟ್ರೇಷನ್. ಮರಿಮಲ್ಲಪ್ಪನವರು ಮೈಸೂರಿನ ಮಗಳ ಮನೆಗೆ ಹೋಗುತ್ತಾರಂತೆ. ಯಾಕೆಂದು ಕೇಳಿದ್ದಕ್ಕೆ ಅವರು ನನಗೆ ಹೇಳಿದ್ದು, ‘ವಯ್ಸಾಯ್ತಲ್ಲವ್ವಾ, ಇನ್ನಾರಾ ಒಸಿ ನೆಮ್ದಿಯಾಗಿ ಇರನ ಅಂತ.’ ಬೇಕಾದರೆ ಅವರಿಗೆ ಜಿಮ್‌ನ ಕೆಳಗಿನ ಆ ನಮ್ಮ ಹಳೆಯ ಮನೆಯ ವಿಳಾಸ ಕೊಡಿ.

ಈ ಸುದ್ದಿ ಕೇಳಿದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಮೊನ್ನೆ ಊಟದ ಬಿಡುವಿನಲ್ಲಿ ಶೆಡ್ಡಿಗೇ ಹೋದೆ. ಒಡೆಯರು ಮಹಾಲಿಂಗಪ್ಪನವರು, ತಲೆಯಿಂದ ಕಾಲಿನವರೆಗೆ ಕಲ್ಲಿನ ಹುಡಿ. ಹಣೆಯ ವಿಭೂತಿ ಯಾವುದು, ಹುಡಿ ಯಾವುದು ತಿಳಿಯುವುದಿಲ್ಲ. ಯಂತ್ರ ನಿಲ್ಲಿಸಿ ಎಂದು ಕೇಳಲು ನಾನು ಹೋದದ್ದಲ್ಲ, ಅದು ಅವರ ಅನ್ನ. ನಾನು ಕೇಳಿದ್ದು ಒಂದೇ: ಈ ಸೋಮವಾರ, ನಮ್ಮ ಯಜಮಾನರು ಮನೆಯಲ್ಲಿರುವಾಗ, ಹತ್ತೇ ಹತ್ತು ನಿಮಿಷ ಯಂತ್ರ ಓಡಿಸಿ. ಮಹಾಲಿಂಗಪ್ಪನವರು ಕಿವಿಯಿಂದ ಹತ್ತಿ ತೆಗೆದು ಇನ್ನೊಮ್ಮೆ ಹೇಳಿಸಿಕೊಂಡರು, ಆಮೇಲೆ ಹೌಹಾರಿದರು. ‘ಏನವ್ವಾ, ಓದ್ದೋರಾಗಿ ಇಂಗಂದೀರಿ? ಎತ್ಗೆ ಬುಡುವು ಕೊಟ್ಟು ಮಿಷನ್ಗೆ ಕೊಡ್ದೆ ಇದ್ರೆ ಮಾದಪ್ಪ ಮೆಚ್ಚಾನಾ? ಅದೂ ದುಡಿಯೋ ಜೀವ ಕಣವ್ವಾ.’ ಪ್ರತಿ ಭಾನುವಾರ ಸಂಜೆ ಕೆಲಸ ಮುಗಿದ ಮೇಲೆ ಯಂತ್ರಗಳ ಮೈ ತೊಳೆದು, ಮೂತಿಗೆ ವಿಭೂತಿ ಬಳಿದು, ಎರಡು ಊದುಬತ್ತಿ ಹಚ್ಚಿ ಬೀಗ ಹಾಕುತ್ತಾರಂತೆ. ನನಗೆ ಹೊಟ್ಟೆಕಿಚ್ಚಾಯಿತು. ಆ ಯಂತ್ರದ ಮುಖವನ್ನು ವಾರಕ್ಕೊಮ್ಮೆಯಾದರೂ ಒಬ್ಬರು ನೆಟ್ಟಗೆ ನೋಡುತ್ತಾರೆ. ಹೊರಡುವಾಗ ನಿಮ್ಮ ಮನೆ ಎಲ್ಲಿ ಎಂದು ಕೇಳಿದೆ. ಅವರು ಸಂಕೋಚದಿಂದ, ‘ಗುಂಡ್ಲುಪೇಟೇಲಿ, ಐವೇ ಪಕ್ಕ. ಈ ಸದ್ದಲ್ಲಿ ಸಂಸಾರ ಮಡಗಕಾದದಾ? ಅಲ್ಲಾದ್ರೆ ಲಾರಿ ಅಷ್ಟೆಯಾ’ ಎಂದರು. ಇದನ್ನು ನಾನು ಸುಮ್ಮನೆ ಬರೆದಿದ್ದೇನೆ. ಓದಿ ಮುಂದೆ ಹೋಗಿ.

ನಿಮ್ಮನ್ನು ಬೈಯುವುದು ನನಗೆ ಇಷ್ಟವೆಂದಲ್ಲ. ಈಚೆಗೆ ರುಚಿ ಹತ್ತಿದೆ, ಅಷ್ಟೆ. ದಿನಾ ನಾಲ್ಕೂವರೆಗೆ ಎದ್ದು, ರೈಲಿನ ಕಿಟಕಿಗೆ ತಲೆ ಆನಿಸಿ ನಿದ್ದೆಗೆಟ್ಟು, ರಾತ್ರಿ ಹೆಣದಂತೆ ಬಂದು ಬೀಳುವುದು ನಮಗಾಗಿಯೇ ಎಂದು ಗೊತ್ತಿದೆ. ಅದಕ್ಕೇ ಹೊಟ್ಟೆ ಉರಿಯುವುದು. ನಮಗಾಗಿ ಇಷ್ಟೆಲ್ಲ ಪಾಡು ಪಟ್ಟು ನೀವು ತಂದ ನಿಶ್ಶಬ್ದವನ್ನು ಮನೆಯಲ್ಲಿ ಅನುಭವಿಸುತ್ತಿರುವವರು ನೀವೊಬ್ಬರೇ, ಅದೂ ವಾರಕ್ಕೊಂದು ದಿನ. ನನಗೆ ಬೇಕಾದದ್ದು ಒಂದು ರಜೆ. ಶನಿವಾರವೋ ಭಾನುವಾರವೋ, ನಿಮ್ಮ ಗ್ರಂಥಾಲಯ ತೆರೆದಿರುವ, ಈ ಶೆಡ್ಡೂ ತೆರೆದಿರುವ ಒಂದು ಹಗಲು. ಮನೆಯಲ್ಲಿ ಕುಳಿತುಕೊಳ್ಳಿ. ಕ್ಯಾಲೆಂಡರಿನ ಹಾಳೆ ತಿರುವಿ. ಕೇಳಿಸಿದರೆ ನಾನು ಈ ಜನ್ಮದಲ್ಲಿ ಮತ್ತೆ ಸದ್ದಿನ ಸುದ್ದಿ ಎತ್ತುವುದಿಲ್ಲ.

ಡಬ್ಬಿಯಲ್ಲಿ ಚಪಾತಿ, ಬದನೆಕಾಯಿ ಎಣ್ಣೆಗಾಯಿ ಇದೆ. ಓದುತ್ತಾ ತಿನ್ನಬೇಡಿ, ನೆತ್ತಿಗೆ ಹತ್ತೀತು. ಅತ್ತೆಯವರ ಆಶೀರ್ವಾದಗಳು. ಅವರು ಜೋರಾಗಿಯೇ ಆಶೀರ್ವದಿಸಿದರು. ನಿಮ್ಮ ಮಗಳು ‘ಸೋಮವಾರದ ಅಪ್ಪ’ನಿಗೆ ಒಂದು ಮುತ್ತು ಕಳಿಸಿದ್ದಾಳೆ. ಸೊಂಟಕ್ಕೆ ಎಣ್ಣೆ ಕಾಯಿಸಿ ಇಟ್ಟಿರುತ್ತೇನೆ, ಎಚ್ಚರವಾಗಿದ್ದರೆ ತಿಕ್ಕುತ್ತೇನೆ, ನಿದ್ದೆ ಹೋಗಿದ್ದರೂ ತಿಕ್ಕುತ್ತೇನೆ.

ಇಂತಿ,
ಹಗಲಿನ ಪಾಳಿಯ ನಿಮ್ಮ ಹೆಂಡತಿ,
ರೂಪಶ್ರೀ

ಮರೆತಿದ್ದೆ: ಸೋಮವಾರ ರಿಜಿಸ್ಟ್ರೇಷನ್‌ಗೆ ನನ್ನ ಆಧಾರ್ ಕಾರ್ಡು ಬೇಕೇ ಬೇಕು, ಹುಡುಕಿ ಇಡು ಎಂದಿದ್ದಿರಿ. ಕಪಾಟು ತಡಕಬೇಡಿ, ಅದು ಅಲ್ಲಿಲ್ಲ. ಈಗಷ್ಟೇ ಎದುರಿನ ಶೆಡ್ಡಿಗೆ ಹೋಗಿ ಮಹಾಲಿಂಗಪ್ಪನವರ ಕೈಯಲ್ಲಿ ಕೊಟ್ಟು ಬಂದೆ. ನಿಮ್ಮ ಕೈಗೆ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲವೆಂದು ಮಾದಪ್ಪನ ಮೇಲೆ ಆಣೆ ಮಾಡಿದ್ದಾರೆ. ಸೋಮವಾರ ಅವರು ಬೀಗ ತೆಗೆಯುವುದಿಲ್ಲ, ನಿಮಗೆ ಗೊತ್ತಲ್ಲ. ಅದಕ್ಕೆ ಮುಂಚೆ ಯಾವ ಹಗಲಾದರೂ ಯಂತ್ರ ಓಡುತ್ತಿರುವಾಗ ನೀವೇ ಒಳಗೆ ಹೋಗಿ ಕೇಳಿ ಇಸಿದುಕೊಳ್ಳಿ. ಪಿಸುಗುಟ್ಟಿದರೆ ಅವರಿಗೆ ಕೇಳಿಸುವುದಿಲ್ಲ.