ನಿಲ್ಲು ಎನ್ನದ ಆಟ

ಅಕ್ಕಾ,

ಕಳೆದ ಮಳೆಗಾಲದಲ್ಲಿ ನೀನು ಫೋನ್ ಮಾಡಿದ್ದು ನೆನಪಿದೆಯಾ? ನಾನು ಯಲಬುರ್ಗಾದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ನೀನು, "ರೇಣುಕಾ ಹೋದ್ಲವಾ. ನನ್ನ ನಾಕನೇ ಕ್ಲಾಸಿನ ಹುಡುಗಿ. ಕಾಲವ್ಯಾಗ ಕೈಕಾಲು ತೊಳಿಯಾಕ ಇಳದಿದ್ಲಂತ" ಅಂದೆ. ನಾನು ಮಳೆಯನ್ನೇ ನಂಬಿದ ಎರೆಭೂಮಿಯವಳು; ನೀನು ಟೀಚರಾಗಿದ್ದ ಸಿದ್ದಾಪುರದ ಕಾಲುವೆಯೆಂದರೆ ನನಗೆ ಹಸಿರು ಗದ್ದೆ ಅಷ್ಟೇ. ಅದು ಮಕ್ಕಳನ್ನೂ ಒಯ್ಯುತ್ತದೆ ಎಂದು ನಾನು...

ದೀಪಾವಳಿಗೆ ಬಂದಾಗ ನೀನು ಹಬ್ಬದ ಊಟವನ್ನೂ ಬಿಟ್ಟು ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದೆ. "ಪಾಠ ಮಾಡಿ ಹೇಳಿದ್ರ ಕೇಳೂದಿಲ್ಲ. ಫೋನಿನ್ಯಾಗ ಆಟ ಅಂದ್ರ ಕೇಳ್ತಾರ" ಎಂದೆ. ವಿಡಿಯೋ ನೋಡಿ ನೋಡಿ ಆಟ ಕಟ್ಟುವುದನ್ನು ಕಲಿತಿದ್ದೆ. ಶಾಲೆಯ ಫ್ರಾಕು ತೊಟ್ಟ ಹುಡುಗಿಯೊಬ್ಬಳು ಕಾಲುವೆಯ ದಂಡೆಯ ಮೇಲೆ ನಡೆಯುತ್ತಾಳೆ. ಪಾಚಿ ಕಟ್ಟಿದ ಮೆಟ್ಟಿಲು, ಮುರಿದ ಕಂಬಿ, ಎಲ್ಲಿ ಅಪಾಯವೋ ಅಲ್ಲಿ ನಿನ್ನ ದನಿ: "ನಿಲ್ಲವ್ವಾ, ಮುಂದ ನೀರೈತಿ!" ಮುಂದಿನ ಸಲ ಕಾಲುವೆಗೆ ನೀರು ಬಿಡುವುದರೊಳಗೆ ಇದನ್ನು ಮಕ್ಕಳ ಮನೆಯ ಫೋನ್‌ಗಳಿಗೆಲ್ಲ ಹಾಕಬೇಕೆಂಬುದು ನಿನ್ನ ಆಸೆಯಾಗಿತ್ತು. ಅಷ್ಟರಲ್ಲಿ ಆ ಜ್ವರ ಬಂತು. ಮೆದುಳಿಗೇರಿತು ಅಂದರು.

ನೀನು ಹೋದ ಮೇಲೆ ಭಾವ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟರು. "ನನಗ ಇದರ ತಲಿ-ಬುಡ ತಿಳಿಯಂಗಿಲ್ಲ. ಆಕಿ ಜ್ವರದಾಗೂ ಇದನ್ನ ಕೇಳ್ತಿದ್ಲು. ನೀ ದಿನಾ ಆಫೀಸಿನ್ಯಾಗ ಕಂಪ್ಯೂಟರ್ ಮುಂದ ಕೂಡಾಕಿ, ನೋಡವಾ." ಲ್ಯಾಪ್‌ಟಾಪಿನಲ್ಲಿ ಆಟ ನಡೆಯಿತು, ಹುಡುಗಿ ನಡೆದಳು, ನೀನು ಕೂಗಿದೆ. ಆದರೆ ಎಲ್ಲವನ್ನೂ ಸೇರಿಸಿ ಫೋನಿಗೆ ಹಾಕುವ ಒಂದೇ ಫೈಲು ಮಾಡಬೇಕಲ್ಲ, ಅದಕ್ಕೆ ಬಿಲ್ಡ್ ಅನ್ನುತ್ತಾರೆ. ಆ ಗುಂಡಿ ಒತ್ತಿದರೆ ಪರದೆಯ ತುಂಬ ಕೆಂಪು ಸಾಲುಗಳು. ಗಂಗಾವತಿಯ ಕಂಪ್ಯೂಟರ್ ಅಂಗಡಿಯವನು ಇಣುಕಿ ನೋಡಿ, "ಎಲ್ಲಾ ಅಳಿಸಿ ಹೊಸದಾಗಿ ಹಾಕಿಬಿಡ್ತೀನ್ರಿ, ಸಾಫ್ ಆಗ್ತೈತಿ" ಎಂದ. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಹೊರಗೆ ಬಂದೆ.

ಆ ಕೆಂಪು ಸಾಲುಗಳನ್ನು ಒಂದೊಂದಾಗಿ ಓದಿದ ದಿನಗಳನ್ನು ಹೇಗೆ ಹೇಳಲಿ? ಎಲ್ಲದರಲ್ಲೂ ಒಂದೇ ಮಾತು: ಫೈಲಿಗೆ ಹೋಗುವ ದಾರಿ ಸಿಗುತ್ತಿಲ್ಲ. ನೀನು ಫೋಲ್ಡರಿಗೆ 'ಕಾಲುವೆ ಆಟ' ಎಂದು ಕನ್ನಡದಲ್ಲೇ ಹೆಸರಿಟ್ಟಿದ್ದೆ. ಬಿಲ್ಡ್ ಮಾಡುವ ಯಂತ್ರಕ್ಕೆ ಆ ಅಕ್ಷರ ತಿಳಿಯದು. ಇಂಗ್ಲಿಷ್ ಅಕ್ಷರದ ಚಿಕ್ಕ ಹೆಸರಿಟ್ಟು ಬೇರೆ ಕಡೆ ಸರಿಸಿದೆ. ಆಗ ಚಿತ್ರಗಳು ಹಳೆಯ ಜಾಗವನ್ನೇ ಹುಡುಕಿಕೊಂಡು ಹೋಗತೊಡಗಿದವು. ನೀನಿಲ್ಲದ ಮನೆಯ ಕದ ತಟ್ಟಿದ ಹಾಗೆ. ಒಂದೊಂದಕ್ಕೂ ಹೊಸ ದಾರಿ ತೋರಿಸಿದೆ. ಅತ್ತ ಮೇಲಿನ ಸೀಮೆಯಲ್ಲಿ ಮಳೆ ಜೋರಾಗಿ ಡ್ಯಾಮು ತುಂಬುತ್ತಿತ್ತು. ನೀರು ಇವತ್ತು ಬಿಡುತ್ತಾರೆ, ನಾಳೆ ಬಿಡುತ್ತಾರೆ ಎಂದು ಬಸ್ಸಿನಲ್ಲಿ ಜನ ಖುಷಿಯಿಂದ ಮಾತಾಡುತ್ತಿದ್ದರು. ನಾನು ಮಾತ್ರ ಇನ್ನೆಷ್ಟು ಚಿತ್ರ ಉಳಿದಿವೆ ಎಂದು ಎಣಿಸುತ್ತಿದ್ದೆ.

ಬಿಲ್ಡ್ ಮುಗಿದ ಭಾನುವಾರ ಸಿದ್ದಾಪುರಕ್ಕೆ ಬಂದು, ನಿಮ್ಮ ಪಡಸಾಲೆಯಲ್ಲಿ ಪಕ್ಕದ ಮನೆಯ ಸವಿತಾಳ ಕೈಗೆ ಫೋನು ಕೊಟ್ಟೆ. ನಿನ್ನ ಶಾಲೆಯವಳೇ. ಆಟದ ಹುಡುಗಿ ಮೆಟ್ಟಿಲ ಹತ್ತಿರ ಬಂದಳು. ನಿನ್ನ ದನಿ ಬರಲಿಲ್ಲ. ಅವಳು ಇಳಿದಳು, ಜಾರಿದಳು, ನೀರು ಮುಚ್ಚಿಕೊಂಡಿತು. ಸವಿತಾ ಕಿಲಕಿಲ ನಕ್ಕಳು.

"ಮುಳುಗಿದ್ರ ಏನೂ ಆಗೂದಿಲ್ಲರೀ ಅಕ್ಕಾರ. ಮತ್ತ ಮೊದಲಿಂದ ಶುರು ಆಕ್ಕೈತಿ!"

ಮತ್ತೆ ಮತ್ತೆ ಬೇಕೆಂದೇ ಆಟದ ಹುಡುಗಿಯನ್ನು ನೀರಿಗೆ ಇಳಿಸಿದಳು. ನಾನು ಫೋನು ಕಿತ್ತುಕೊಂಡೆ. ನಾವು ಮಾಡಿದ್ದು ಏನು? ನೀರು ಮಕ್ಕಳನ್ನು ತಿರುಗಿ ಕೊಡುತ್ತದೆ ಎಂದು ಕಲಿಸುವ ಆಟವೇ?

ತಪ್ಪು ಸಿಕ್ಕಿದ್ದು ಮರುದಿನ ರಜೆ ಹಾಕಿ ನಿನ್ನ ಮೇಜಿನ ಮುಂದೆ ಕುಳಿತಾಗ. ದನಿಯ ಫೈಲಿನ ಹೆಸರಿನ ಮೊದಲ ಅಕ್ಷರವನ್ನು ನೀನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದಿದ್ದೆ, ಆಟದ ಒಳಗಿನ ದಾರಿಯಲ್ಲಿ ಸಣ್ಣಕ್ಷರ. ಲ್ಯಾಪ್‌ಟಾಪಿಗೆ ಎರಡೂ ಒಂದೇ. ಫೋನಿಗೆ ಅವು ಬೇರೆ ಬೇರೆ. ಕನ್ನಡದ ಕೈಗೆ ದೊಡ್ಡದು ಸಣ್ಣದು ಎಲ್ಲಿ ನೆನಪಿರುತ್ತದೆ ಹೇಳು? ಸರಿಪಡಿಸಿದೆ. ಮುಳುಗಿದ ಮೇಲೆ ಆಟ ತಾನಾಗಿ ಮತ್ತೆ ಶುರುವಾಗುವುದನ್ನೂ ತೆಗೆದುಹಾಕಿದೆ. ಈಗ ಪರದೆಯಲ್ಲಿ ನೀರು ಮಾತ್ರ ಉಳಿಯುತ್ತದೆ. ಫೋನಿನಿಂದ ಮೊದಲ ಸಲ "ನಿಲ್ಲವ್ವಾ" ಕೇಳಿಸಿದಾಗ ಭಾವ ಉಣ್ಣುತ್ತಿದ್ದವರು ಎದ್ದು ನಿಂತು ಒಳಗಿನ ಬಾಗಿಲ ಕಡೆ ನೋಡಿದರು. ಮತ್ತೆ ಕೂರಲಿಲ್ಲ, ಕೈ ತೊಳೆದುಕೊಂಡು ಹೊಲಕ್ಕೆ ಹೋದರು.

ನೀರು ಬಂದ ದಿನ ಊರೆಲ್ಲ ದಂಡೆಗೆ ಹೋಗಿತ್ತು. ಅಷ್ಟರಲ್ಲಿ ಆಟ ಮನೆಮನೆಯ ಫೋನಿನಲ್ಲಿತ್ತು. ಪಾಚಿಯ ಮೆಟ್ಟಿಲಿಗೆ ಈಗ ಮಕ್ಕಳು ಇಳಿಯುವುದಿಲ್ಲ ಎಂದು ನಿಮ್ಮ ಹೆಡ್‌ಮಾಸ್ತರು ಹೇಳಿದಾಗ ನಾನು ಅತ್ತೆ. ಆದರೆ ನಿನ್ನೆ ಮತ್ತೆ ಬಂದಾಗ ಸವಿತಾ ಗುಟ್ಟು ತೋರಿಸುವವಳಂತೆ ನನ್ನ ಕೈ ಹಿಡಿದು ಅಕ್ಕಿ ಗಿರಣಿಯ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ಕಾಲುವೆಯ ಮೇಲೆ ಅಡ್ಡಲಾಗಿ ಒಂದು ದಪ್ಪ ಪೈಪು. ಅದರ ಮೇಲೆಲ್ಲ ಪುಟ್ಟ ಒದ್ದೆ ಹೆಜ್ಜೆಗಳು.

"ನಾವು ಈಗ ಇದರ ಮ್ಯಾಲಿಂದ ದಾಟತೀವ್ರಿ. ಈ ಜಾಗ ನಿಮ್ಮ ಆಟದಾಗ ಇಲ್ಲಲ್ರೀ. ಅಂದಮ್ಯಾಲ ಇಲ್ಲಿ ಏನೂ ಆಗೂದಿಲ್ಲ, ಹೌದಲ್ರೀ?"

ಕೆಳಗೆ ಕೆಂಪು ನೀರು ಸದ್ದಿಲ್ಲದೆ ಹೋಗುತ್ತಿತ್ತು. ಅವಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ, "ನೋಯ್ತೈತ್ರಿ" ಅಂದಳು.

ಹೆಡ್‌ಮಾಸ್ತರಿಗೆ ಹೇಳಿದೆ. ಮುಂದಿನ ವಾರ ಮುಳ್ಳುಬೇಲಿ ಹಾಕಿಸುತ್ತಾರಂತೆ. ಅಲ್ಲಿಯವರೆಗೆ? ಪೈಪಿನ ಚಿತ್ರ ತೆಗೆದು ಆಟಕ್ಕೆ ಸೇರಿಸಿದ್ದೇನೆ. ಪೈಪು ಹತ್ತಬೇಡ ಎನ್ನುವ ಮಾತು ನಿನ್ನ ದನಿಯಲ್ಲಿಲ್ಲ, ಅದಕ್ಕೆ ಬಾಗಿಲು ಹಾಕಿಕೊಂಡು ನಾನೇ ಕೂಗಿದೆ. ನಿನ್ನಷ್ಟು ಗಟ್ಟಿ ಇಲ್ಲ. ಬಿಲ್ಡ್ ಇನ್ನೂ ನಡೆಯುತ್ತಿದೆ. ಇದೀಗ ಶಾಲೆ ಬಿಟ್ಟ ಗಂಟೆ ಕೇಳಿಸಿತು. ಬಿಲ್ಡ್ ಮುಗಿಯುವವರೆಗೆ ಕಾಯಲಾರೆ ಅಕ್ಕಾ. ಆಫೀಸಿಗೆ ರಜೆ ಹಾಕಿದ್ದೇನೆ; ಬೇಲಿ ಏಳುವ ತನಕ ದಿನಾ ಈ ಹೊತ್ತಿಗೆ ಆ ಪೈಪಿನ ಹತ್ತಿರ ನಾನೇ ಹೋಗಿ ನಿಲ್ಲುತ್ತೇನೆ.

ನಿನ್ನ ತಂಗಿ,
ಸುಮಾ