ಮೂರು ತಲೆಮಾರಿಗೆ ಒಂದೇ ಕಟಿಂಗ್

ಜನವರಿ 8, ಸೋಮವಾರ

ಬೆಳಿಗ್ಗೆ ಎರಡು ಪ್ಯಾಂಟಿನ ಅಂಚು, ಒಂದು ಜಿಪ್. ಹತ್ತೂವರೆಗೆ ಮಿಲನ್ ಬಂದ. ತೀರಿಹೋದ ನನ್ನ ಸ್ವಂತ ಅಣ್ಣ ಅಪ್ಪಯ್ಯಣ್ಣನ ಒಬ್ಬನೇ ಮಗ, ನನ್ನ ಕೈಯಲ್ಲೇ ಬೆಳೆದವನು. ಜೊತೆಗೆ ಅವನ ಭಾವೀ ಮಾವ ಸಣ್ಣಸ್ವಾಮಿಯವರು, ಕುಶಾಲನಗರದ ಕಡೆಯ ಬೇಸಾಯಗಾರರು. ಅವರ ಮಗಳು ಹರ್ಷಿತಾ ಜೊತೆ ಏಪ್ರಿಲ್‌ನಲ್ಲಿ ಮದುವೆ. ಮದುಮಗನ ಉದ್ದ ಕೋಟು, ದಗಲೆ, ಹೊಲಿಯಬೇಕು. ಗೋಣಿಕೊಪ್ಪಲಿನಲ್ಲಿ ಮದುವೆ ಕೋಟು ಅಂದರೆ ಈ ತೀರ್ಥಪ್ರಸಾದನ ಅಂಗಡಿ — ನಾನು ಹೇಳುವುದಲ್ಲ, ಊರೇ ಹೇಳುವುದು.

ಅಟ್ಟದಿಂದ ಖಾಕಿ ಕಾಗದದ ಕಟಿಂಗ್, ಬಟ್ಟೆ ಕತ್ತರಿಸುವ ಅಚ್ಚು, ಇಳಿಸಿದೆ. ನಮ್ಮ ಅಪ್ಪನ ದಗಲೆಗೆಂದು ಗುರು ಧರ್ಮಪಾಲರು ಕತ್ತರಿಸಿದ್ದು. ಅಣ್ಣನಿಗೂ ಅದೇ ಆಯಿತು. ಈಗ ಮಿಲನ್ ಬೆನ್ನಿಗೆ ಹಿಡಿದರೆ ಅಚ್ಚುಕಟ್ಟು. ಕಿರಿದಾದ ಭುಜ, ಸಣ್ಣ ತೋಳು, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಉದ್ದ ಒಂದಿಂಚು ಇಳಿಸಿದರೆ ಮುಗಿಯಿತು. ಸಣ್ಣಸ್ವಾಮಿ ಕಣ್ಣರಳಿಸಿ ನೋಡಿದರು. ಹೆಮ್ಮೆ ಆಯಿತು, ಯಾಕೆ ಸುಳ್ಳು ಹೇಳಲಿ.

ಸೊಂಟ — ಟೇಪು ಮೂವತ್ತೇಳು ಅಂದಿತು. ನಾನು ‘ಮೂವತ್ತೈದು’ ಎಂದು ಕೂಗಿದೆ. ಗುರುಗಳು ಕಲಿಸಿದ ಮರ್ಯಾದೆ. ನಾಲ್ಕು ಜನರ ಎದುರು ಯಾರ ಹೊಟ್ಟೆಯನ್ನೂ ಸಾರಬಾರದು. ಹೊಟ್ಟೆ ಬಂದವರಿಗೆ ಎರಡಿಂಚು ಕಮ್ಮಿ ಹೇಳು, ಕಮ್ಮಿಯೇ ಬರೆ, ಪಕ್ಕದಲ್ಲೊಂದು ಚುಕ್ಕೆ ಇಡು. ಕತ್ತರಿಸುವಾಗ ಚುಕ್ಕೆ ನೋಡಿ ಎರಡು ಸೇರಿಸು. ಮೂವತ್ತನಾಲ್ಕು ವರ್ಷದಲ್ಲಿ ಒಬ್ಬ ಗಿರಾಕಿಗೂ ನನ್ನ ಬಟ್ಟೆ ಬಿಗಿಯಾಗಿಲ್ಲ.

ಜನವರಿ 21, ಭಾನುವಾರ

ಸಮುದಾಯ ಭವನದಲ್ಲಿ ಡಾಕ್ಟರ್ ರಮ್ಯಾ ಕ್ಯಾಂಪ್. ನಮ್ಮ ಕಡೆಯ ಹುಡುಗಿ, ರಿಸರ್ಚ್ ಮಾಡುತ್ತಿದ್ದಾಳೆ. ಕೆಲವು ಮನೆಗಳಲ್ಲಿ ಹೊಟ್ಟೆ, ಬಿಪಿ, ಸಕ್ಕರೆ, ರಕ್ತದ ಕೊಬ್ಬು ಎಲ್ಲ ಒಟ್ಟಿಗೇ, ಅದೂ ಸಣ್ಣ ವಯಸ್ಸಿಗೇ ಏಕೆ ಬರುತ್ತವೆ ಅಂತ. ಮೆಟಬಾಲಿಕ್ ಸಿಂಡ್ರೋಮ್ ಅಂತ ಹೆಸರು. ರಕ್ತದಲ್ಲಿ ಜೀನ್ ಹುಡುಕುತ್ತಾಳೆ.

ಕಟಿಂಗ್ ಕಥೆ ಹೇಳಿದೆ. ‘ಅಂಕಲ್, ನಾನು ಹುಡುಕ್ತಾ ಇರೋದನ್ನ ನೀವು ಕಾಗದದಲ್ಲೇ ಇಟ್ಕೊಂಡಿದ್ದೀರಲ್ಲ’ ಅಂದಳು. ನನ್ನ ಅಳತೆ ಪುಸ್ತಕಗಳೂ ಬೇಕಂತೆ, 1990ರಿಂದ ಹದಿನೇಳು ಪುಸ್ತಕ. ಜೀಪಿನಲ್ಲಿ ಹಾಕಿ ಕಳಿಸಿದೆ. ದರ್ಜಿಯ ಪುಸ್ತಕ ವಿಜ್ಞಾನಕ್ಕೆ. ಎದೆ ಉಬ್ಬಿತು.

ಕಿಟ್ ಕಮ್ಮಿ. ಮೊದಲು ಸೊಂಟ ತೊಂಬತ್ತು ಸೆಂಟಿಮೀಟರ್ ದಾಟಿದ ಗಂಡಸರಿಗೆ ಮಾತ್ರ ರಕ್ತಪರೀಕ್ಷೆ. ಮಿಲನ್ ಸರದಿ ಬಂದಾಗ ನರ್ಸ್ ಸರೋಜ ಟೇಪು ತೆಗೆದಳು. ಹಿಂದೆ ಇಡೀ ಸಾಲು ನೋಡುತ್ತಿದೆ. ನಾನು, ‘ಮೂವತ್ತೈದಿಂಚು, ಬರ್ಕೊಳ್ಳಿ. ನನ್ನ ಟೇಪಿಗಿಂತ ನಿಮ್ಮದು ಹೆಚ್ಚಾ?’ ಅಂದೆ. ಅವಳು ನಕ್ಕು ಎಂಬತ್ತೊಂಬತ್ತು ಎಂದು ಬರೆದಳು. ಮಿಲನ್ ಪಾಸ್. ಹೋಟೆಲಿಗೆ ಹೋಗಿ ಕಾಫಿ ಕುಡಿದೆವು.

ಜನವರಿ 24, ಬುಧವಾರ

ರಮ್ಯಾ ಅಂಗಡಿಗೆ ಬಂದಿದ್ದಳು. ಅಣ್ಣನ ಅಳತೆಗಳನ್ನು ಗ್ರಾಫಿನಲ್ಲಿ ಗೆರೆ ಎಳೆದು ತಂದಿದ್ದಾಳೆ. ಗೆರೆ ಬಹಳ ವರ್ಷ ಚಪ್ಪಟೆ. ‘ನಿಮ್ಮ ತಂದೆ ನಲವತ್ತೊಂಬತ್ತಕ್ಕೆ, ಅಣ್ಣ ನಲವತ್ತಾರಕ್ಕೆ ಹಾರ್ಟ್‌ನಲ್ಲಿ ಹೋದ್ರು ಅಂದ್ರಿ. ಆದ್ರೆ ಅಣ್ಣನ ಸೊಂಟ ಕೊನೇವರೆಗೂ ಅಂಥಾದ್ದೇನಿಲ್ಲ. ನನ್ನ ಲೆಕ್ಕವೇ ತಪ್ಪಿರ್ಬೇಕು. ನಿಮ್ಮ ಮನೆಯನ್ನ ಈ ಪಟ್ಟಿಯಿಂದ ತೆಗೀತೀನಿ ಅಂಕಲ್.’

ತಲೆ ಆಡಿಸಿದೆ. ಅವಳು ಹೋದ ಮೇಲೆ ಕತ್ತರಿ ಕೆಳಗಿಟ್ಟೆ. ಚುಕ್ಕೆಯ ವಿಷಯ ಅವಳಿಗೆ ಹೇಗೆ ಗೊತ್ತಿರಬೇಕು. ಅಣ್ಣನ ಮೂವತ್ತೈದೂ ನಿಜವಾಗಿ ಮೂವತ್ತೇಳು. ಮಿಲನ್‌ನದು ಎಂಬತ್ತೊಂಬತ್ತಲ್ಲ, ತೊಂಬತ್ತನಾಲ್ಕು. ಅವನ ರಕ್ತ ತೆಗೆಯದ ಹಾಗೆ ಮಾಡಿದವನು ನಾನು.

ಫೆಬ್ರವರಿ 4, ಭಾನುವಾರ

ಹತ್ತು ದಿನ ಬರೆಯಲಿಲ್ಲ. ಮನಸ್ಸು ಬರಲಿಲ್ಲ.

ಹೇಳಿದರೆ ಅಂಗಡಿಯ ಹೆಸರು ಹೋಗುತ್ತದೆ. ಅರ್ಧ ತಾಲೂಕಿನ ಗಂಡಸರಿಗೆ ತಮ್ಮ ನಿಜವಾದ ಹೊಟ್ಟೆ ಗೊತ್ತಾಗುತ್ತದೆ. ಅದು ಹೋಗಲಿ — ಹೆಣ್ಣಿನ ಕಡೆಯವರು? ದಮಯಂತಿ ಅತ್ತಿಗೆಗೆ ಹೇಳಿದೆ. ಗಂಡನನ್ನು ಕಳೆದುಕೊಂಡು ಆ ಹುಡುಗನನ್ನು ಸಾಕಿದವರು. ಒಲೆಯ ಕಟ್ಟಿಗೆ ಮುಂದೆ ತಳ್ಳಿದರು. ‘ಮದುವೆ ಒಂದು ಆಗ್ಲಿ. ಮತ್ತೆ ನೋಡಮ’ ಅಂದರು.

ಅಣ್ಣನೂ ಹಾಗೇ ಅನ್ನುತ್ತಿದ್ದ. ಕಾಫಿ ಪಿಕಿಂಗ್ ಮುಗಿಯಲಿ, ಮತ್ತೆ ಆಸ್ಪತ್ರೆ.

ಫೆಬ್ರವರಿ 6, ಮಂಗಳವಾರ

ಹೇಳಿಬಿಟ್ಟೆ. ಫೋನಿನಲ್ಲಲ್ಲ, ರಮ್ಯಾ ಎದುರಿಗೇ ಕೂತು. ಚುಕ್ಕೆ ತೋರಿಸಿದೆ. ಬೈಯುತ್ತಾಳೆ ಅಂದುಕೊಂಡೆ. ಅವಳು ಪುಟ ತಿರುಗಿಸುತ್ತಲೇ ಇದ್ದಳು.

‘ಅಂಕಲ್, ಚುಕ್ಕೆ ಯಾವಾಗ ಶುರುವಾಗುತ್ತೆ?’

‘ಹೊಟ್ಟೆ ಬಂದಾಗ. ಅಣ್ಣನಿಗೆ ತೊಂಬತ್ತನೇ ಇಸವಿಯಲ್ಲಿ ಇಲ್ಲ. ತೊಂಬತ್ತೊಂದರಲ್ಲಿ ಉಂಟು. ಮೂವತ್ತೊಂದು ವರ್ಷ ಆಗ.’

‘ಯಾವ ವಯಸ್ಸಲ್ಲಿ ಶುರುವಾಯ್ತು ಅಂತ ನಮಗೆ ಯಾರೂ ಹೇಳಲ್ಲ. ಕೇಳಿದ್ರೆ ಮೊನ್ನೆ ಮೊನ್ನೆ ಅಂತಾರೆ. ನೀವು ಇಸವಿ ಹಾಕಿ ಇಟ್ಟಿದ್ದೀರಿ.’ ಒಂದು ಜೀನ್ ಅಲ್ಲವಂತೆ, ಹತ್ತಾರು ಸೇರಿ ಮಾಡುವ ಕೆಲಸವಂತೆ. ಬಂದೇ ಬರುತ್ತದೆ ಅಂತಲ್ಲ, ಬೇರೆಯವರಿಗಿಂತ ಬೇಗ ಬರಬಹುದು ಅಂತ. ಕಟಿಂಗ್ ಮನೆಯಿಂದ ಬಂದದ್ದು, ಹೊಲಿಗೆ ಇನ್ನೂ ಬಾಕಿ ಇದೆ ಅನ್ನಿ — ಅಂದೆ. ನಕ್ಕಳು. ಹದಿನೇಳು ಪುಸ್ತಕದ ಚುಕ್ಕೆಗಳನ್ನು ಓದಿ ಹೇಳಲು ನಾನೇ ಬೇಕು, ವಾರಕ್ಕೆರಡು ದಿನ ಹೋಗುತ್ತೇನೆ.

ಸಂಜೆ ಮಿಲನ್‌ಗೆ ಹೇಳಿದೆ. ಮುಖ ಕೆಂಪಾಯಿತು. ‘ಮದುವೆಗೆ ಎರಡೇ ತಿಂಗ ಬಾಕಿ ಉಟ್ಟು ಚಿಕ್ಕಪ್ಪ. ಈಗ ಇದೆಲ್ಲ ಎಂತಕೆ? ನಂಗೆ ಎಂಥ ಆಗಿಲ್ಲೆ.’ ಬೈಕ್ ಹತ್ತಿ ಹೋದ.

ಫೆಬ್ರವರಿ 14, ಬುಧವಾರ

ಮಿಲನ್ ಯಾರಿಗೂ ಹೇಳದೆ ಹೋಗಿ ರಕ್ತ ಕೊಟ್ಟು ಬಂದಿದ್ದಾನೆ. ಇವತ್ತು ರಿಪೋರ್ಟ್. ಖಾಲಿ ಹೊಟ್ಟೆಯ ಸಕ್ಕರೆ 112. ರಕ್ತದ ಕೊಬ್ಬು ಟ್ರೈಗ್ಲಿಸರೈಡ್ 286, ನೂರೈವತ್ತರೊಳಗೆ ಇರಬೇಕಾದ್ದು. ಒಳ್ಳೆಯ ಕೊಬ್ಬು ಕಮ್ಮಿ. ಸೊಂಟ ಸೇರಿಸಿದರೆ ಐದು ಲಕ್ಷಣದಲ್ಲಿ ನಾಲ್ಕು ಕೆಟ್ಟಿವೆ, ಆ ಸಿಂಡ್ರೋಮ್ ಅನ್ನಲು ಮೂರು ಕೆಟ್ಟರೆ ಸಾಕಂತೆ. ಇಪ್ಪತ್ತೆಂಟು ವರ್ಷದವನಿಗೆ. ಹಾರ್ಟ್ ಚೆನ್ನಾಗಿದೆ. ‘ಬೇಗ ಸಿಕ್ಕಿದ್ದು ಅದೃಷ್ಟ. ನಡೆದರೆ, ಊಟ ಸರಿ ಮಾಡಿದರೆ ತಿರುಗುತ್ತೆ’ ಅಂದಳಂತೆ ರಮ್ಯಾ.

ಮಿಲನ್ ಕೂತು ಹೇಳಿದ್ದು ಒಂದೇ ಮಾತು — ‘ಹರ್ಷಿತಾಗೆ ನಾನೇ ಹೇಳ್ವೆ.’ ಅತ್ತಿಗೆ ಎದ್ದು ಒಳಗೆ ಹೋದರು.

ಫೆಬ್ರವರಿ 18, ಭಾನುವಾರ

ಸಣ್ಣಸ್ವಾಮಿ, ಮಗಳು ಹರ್ಷಿತಾ ಇಬ್ಬರೂ ನೇರ ಅಂಗಡಿಗೆ. ಮಿಲನ್ ಇದ್ದ. ನಾಲ್ಕು ಗಿರಾಕಿಗಳೂ ಇದ್ದರು.

‘ಕಾಯ್ಲೆ ಮನೆತನ ಅಂತ ಮುಚ್ಚಿಟ್ರಲ್ಲ ಯಜಮಾನ್ರೇ. ನೀವೇ ನನ್ ಮುಂದೆ ಮೂವತ್ತೈದು ಅಂದಿದ್ದು.’

‘ಮುಚ್ಚಿಟ್ಟದ್ದು ನಾನು. ಹುಡುಗ ಅಲ್ಲ. ಅವನ ಸೊಂಟ ಮೂವತ್ತೇಳು’ ಅಂದೆ. ಗಿರಾಕಿಗಳು ತಲೆ ಎತ್ತಿದರು. ಮಿಲನ್ ತಲೆ ತಗ್ಗಿಸಲಿಲ್ಲ. ‘ರಿಪೋರ್ಟ್ ನಿಮಗೂ ತಂದಿದ್ದೇನೆ ಮಾವ, ಯಾವ ಡಾಕ್ಟರಿಗೆ ಬೇಕಾದರೂ ತೋರಿಸಿ. ಬೇಡ ಅಂದರೆ ಬೇಡ’ ಅಂದ. ಅಷ್ಟು ಜನರ ಎದುರು, ಅಷ್ಟು ಶಾಂತವಾಗಿ. ಅಣ್ಣ ಒಮ್ಮೆಯಾದರೂ ಹಾಗೆ ಮಾತಾಡಿದ್ದರೆ ಇವತ್ತು ಇರುತ್ತಿದ್ದನೋ ಏನೋ.

ಹರ್ಷಿತಾ ಅಪ್ಪನ ಕಡೆ ತಿರುಗಿದಳು. ‘ಇವ್ರು ಹೇಳಿದ್ರು. ಹೇಳ್ದೆ ಇರೋ ಮನೆಗೆ ನನ್ನ ಕೊಡ್ತೀರಾ? ಮಕ್ಕಳಿಗೆ ನಮ್ ಕಡೆಯಿಂದಾನೂ ಬರುತ್ತೆ ಅಪ್ಪ. ಎಲ್ಲಿ, ನಿಮ್ಮದೂ ಅಳೀಲಿ.’

ಸಣ್ಣಸ್ವಾಮಿ ಗೊಣಗುತ್ತಲೇ ಕೈ ಎತ್ತಿದರು. ನಲವತ್ತೊಂದು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

‘ಹೋದ್ ವರ್ಷ ನಮ್ ಟೈಲರ್ರು ಮೂವತ್ತೊಂಬತ್ತು ಅಂದಿದ್ನಲ್ರೀ.’

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಕೊನೆಗೆ ಅವರೂ ನಕ್ಕರು. ಮದುವೆ ನಿಂತಿಲ್ಲ. ಮುಂದಿನ ವಾರ ಅವರ ಮನೆಯ ಆರು ಜನ ರಕ್ತ ಕೊಡುತ್ತಾರೆ.

ಏಪ್ರಿಲ್ 14, ಭಾನುವಾರ

ದಗಲೆಯ ಕೊನೆಯ ಫಿಟಿಂಗ್. ಮಿಲನ್ ದಿನಾ ಐದು ಕಿಲೋಮೀಟರ್ ನಡೆದಿದ್ದಾನೆ. ಹಂದಿ ಸಾರು ವಾರಕ್ಕೊಮ್ಮೆ, ಸಂಜೆಯ ಪೆಗ್ಗು ಇಲ್ಲ. ಟೇಪು ಮೂವತ್ತೈದೂವರೆ. ಟ್ರೈಗ್ಲಿಸರೈಡ್ 190. ಎರಡು ಬದಿಯ ಹೊಲಿಗೆ ಬಿಚ್ಚಿ ಒಳಗೆ ತಗೊಂಡೆ. ಇಷ್ಟು ಖುಷಿಯಿಂದ ಯಾವ ಹೊಲಿಗೆಯನ್ನೂ ಬಿಚ್ಚಿಲ್ಲ.

ಅವನು ಕನ್ನಡಿ ನೋಡುತ್ತಾ ಕೇಳಿದ, ‘ಚಿಕ್ಕಪ್ಪ, ನೀವು ರಕ್ತ ಕೊಟ್ಟೊಳರಾ?’

ನಾನು ಅಮ್ಮನ ಕಡೆಯವನ ಹಾಗೆ, ನನಗೇನಿಲ್ಲ ಅಂದೆ. ‘ಅದನ್ನ ಡಾಕ್ಟ್ರು ಹೇಳ್ಲಿ’ ಅಂದ.

ಏಪ್ರಿಲ್ 15, ಸೋಮವಾರ, ಬೆಳಿಗ್ಗೆ 6.40

ಖಾಲಿ ಹೊಟ್ಟೆ. ಕಾಫಿಯೂ ಇಲ್ಲ. ಮಿಲನ್ ಜೀಪು ತಂದು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ಮದುವೆಗೆ ಆರು ದಿನ, ನೂರು ಕೆಲಸ, ಆದರೂ ಬಂದಿದ್ದಾನೆ. ನನಗೆ ಹೆದರಿಕೆ ಇದೆ, ಐವತ್ತೇಳರಲ್ಲಿ ಏನು ಹೊರಬೀಳುತ್ತದೋ. ಆದರೆ ಅದಕ್ಕಿಂತ ಹೆಮ್ಮೆಯೇ ಹೆಚ್ಚು. ನಮ್ಮ ಮನೆಯಲ್ಲಿ ಒಬ್ಬ ಗಂಡಸು ಇನ್ನೊಬ್ಬನನ್ನು ಆಸ್ಪತ್ರೆಗೆ ಕೂರಿಸಿಕೊಂಡು ಹೋಗುವುದು ಇದೇ ಮೊದಲು, ಅದೂ ನಡೆದಾಡುತ್ತಿರುವಾಗಲೇ. ಅಣ್ಣನನ್ನೂ ನಾನು ಹೀಗೇ ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿದ್ದರೆ — ಮತ್ತೆ ಹಾರ್ನ್. ಹೊರಟೆ.